ನಲವತ್ನಾಲ್ಕರಲ್ಲಿ ಒಂದು

ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಗಂಟೆ ಹೊಡೆದರೆ ಮುಗಿಯಿತು. ಕೂಡ್ಲಿಗಿಗೆ ಹೋಗುವ ಬಸ್ಸು ಮಾತ್ರ ಒಂದೂವರೆಗೆ ಮೊದಲು ಬರುವುದಿಲ್ಲ. ನಡುವಿನ ಹೊತ್ತನ್ನು ಸುಕನ್ಯಾ ಟೀಚರ್ ಸ್ಟಾಫ್ ರೂಮಿನ ಮೇಜಿನ ಮೇಲೆ ತಲೆಯಿಟ್ಟು ಕಳೆಯುತ್ತಿದ್ದಳು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಇಬ್ಬರು ಮಕ್ಕಳ ಡಬ್ಬಿ ಕಟ್ಟಿ, ಅತ್ತೆಯ ಗುಳಿಗೆ ತೆಗೆದಿಟ್ಟು, ಬಸ್ಸಿನಲ್ಲಿ ಹೊಸಹಳ್ಳಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಈ ಊರಿನ ಹೈಸ್ಕೂಲು ಮುಟ್ಟುವ ಹೆಂಗಸಿಗೆ ಶನಿವಾರದ ಆ ಮೇಜು ಪಲ್ಲಂಗಕ್ಕಿಂತ ಹೆಚ್ಚು.

ಒಂದು ಶನಿವಾರ ಹಾಗೆ ಮಲಗಿದ್ದಾಗ ಒಂಬತ್ತನೇ ಕ್ಲಾಸಿನ ತಮನ್ನಾ ಬಂದು ಬಾಗಿಲಲ್ಲಿ ನಿಂತಳು. ಬಸ್ ಸ್ಟ್ಯಾಂಡಿನ ಹತ್ತಿರ ಬೈಕ್ ರಿಪೇರಿ ಮಾಡುವ ಫಿರೋಜನ ಮಗಳು. ಕೇಳಬೇಕಾದದ್ದನ್ನೂ ಕೇಳುತ್ತಾಳೆ, ಕೇಳಬಾರದ್ದನ್ನೂ ಕೇಳುತ್ತಾಳೆ.

“ಟೀಚರ್, ನಿದ್ದಿ ಮಾಡಾಕತ್ತೀರೇನ್ರಿ?”

“ಇಲ್ಲ, ಲೆಕ್ಕ ಮಾಡಾಕತ್ತೀನಿ,” ಎಂದಳು ಸುಕನ್ಯಾ, ಕಣ್ಣು ತೆರೆಯದೆ.

“ಯಾವ ಲೆಕ್ಕರಿ?”

ಸುಳ್ಳು ಹೇಳಿದ ಮೇಲೆ ಅದಕ್ಕೊಂದು ಲೆಕ್ಕ ಹುಟ್ಟಿಸಬೇಕಲ್ಲ. “ಆಟೋದ ಹಿಂದಿನ ಸೀಟಿನಾಗ ಮೂರು ಮಂದಿ. ಎಷ್ಟು ಥರ ಕುಂದರಬಹುದು ಅಂತ.”

“ಮೂರು ಮಂದಿಗೆ ಯಾವ ಆಟೋ ಬಿಡ್ತಾರ್ರಿ? ಎಂಟು ಮಂದಿ ಆಗೋಮಟ ಅವ ಕೀಲಿನೇ ತಿರುವಂಗಿಲ್ಲ.”

ಹಾಗೆ ಶುರುವಾಯಿತು. ಮೂರು ಮಂದಿಗೆ ಆರು ಥರ, ನಾಲ್ಕು ಮಂದಿಗೆ ಇಪ್ಪತ್ನಾಲ್ಕು, ಎಂಟು ಮಂದಿಗೆ ನಲವತ್ತು ಸಾವಿರದ ಮುನ್ನೂರ ಇಪ್ಪತ್ತು. ಅವತ್ತು ಸಂಜೆ ತಮನ್ನಾ ಆಟೋದವನ ಮುಂದೆ ನಿಂತು, “ಅಣ್ಣಾ, ದಿನಾ ಒಂದೇ ಥರ ಕುಂದ್ರಿಸ್ತಿ. ಇನ್ನೂ ನಲವತ್ತು ಸಾವಿರದ ಮುನ್ನೂರ ಹತ್ತೊಂಬತ್ತು ಥರ ಬಾಕಿ ಅದಾವು” ಎಂದಳಂತೆ. ಮುಂದಿನ ಶನಿವಾರ ನಾಲ್ಕು ಹುಡುಗರು ಬಂದರು, ಅದರಾಚೆಯ ಶನಿವಾರ ಒಂದು ಬೆಂಚು ಸಾಲಲಿಲ್ಲ. ಹುಡುಗರೇ ಅದಕ್ಕೆ ‘ಎಣಿಕಿ ಕ್ಲಾಸು’ ಎಂದು ಹೆಸರಿಟ್ಟರು. ಸುಕನ್ಯಾಳಿಗೇ ಆಶ್ಚರ್ಯವಾಗುವಂತೆ, ಆ ಹೊತ್ತಿನಲ್ಲಿ ಅವಳಿಗೆ ನಿದ್ದೆ ಬರುವುದು ನಿಂತಿತು. ವಾರದಲ್ಲಿ ಅವಳಿಗೆ ದಣಿವಾಗದ ಹೊತ್ತೆಂದರೆ ಅದೊಂದೇ ಆಯಿತು.

ಹೆಡ್ ಮಾಸ್ತರು ಗುರುಸಂಗಪ್ಪನವರಿಗೆ ಮಾತ್ರ ಎದೆ ಡವಗುಟ್ಟಿತು. ಕೊಟ್ಟೂರಿನ ಸಾಧು ಮನುಷ್ಯ. ಪುಸ್ತಕದ ಹೊರಗಿನದು ಏನು ಕಂಡರೂ ಅದರ ಹಿಂದೆ ಒಂದು ನೋಟಿಸು ಬರುತ್ತದೆಂದೇ ಅವರ ನಂಬಿಕೆ.

“ಮೇಡಂ, ಇದು ಹತ್ತನೇ ಕ್ಲಾಸಿನ ಬುಕ್ಕಿನಾಗ ಐತೇನ್ರಿ?”

“ಮೊದಲು ಇತ್ರಿ ಸರ್. ಈಗ ತೆಗೆದು ಪಿಯುಸಿಗೆ ಹಾಕ್ಯಾರ.”

“ತೆಗೆದಾರ ಅಂದ್ರ ಏನೋ ಕಾರಣ ಇರಬೇಕಲ್ರಿ.”

“ಕಾರಣ ಏನೋ ಗೊತ್ತಿಲ್ರಿ. ಹುಡುಗ್ರಿಗೆ ಅದನ್ನ ಯಾರೂ ಹೇಳಿಲ್ಲ, ಅದಕ್ಕ ಕಲಿಯಾಕತ್ತಾರ.”

“ಬರೋ ಶನಿವಾರ ಬಿಇಓ ಸಾಹೇಬ್ರು ಬರ್ತಾರ. ಅವರು ಹೆಂಗ ಅಂತಾರೋ ಹಂಗ,” ಎಂದು ಅವರು ಕೈ ತೊಳೆದುಕೊಂಡರು.

ಆ ಮಾತು ಆದ ದಿನವೇ ಎಣಿಕೆ ಕ್ಲಾಸಿಗೆ ಚಪ್ಪಲಿಯ ಲೆಕ್ಕ ಬಂದದ್ದು. ತಂದವನು ತಮನ್ನಾಳ ಕ್ಲಾಸಿನ ಹುಲುಗೇಶ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮದುವೆಗೆ ಹೋಗಿ, ಮಂಟಪದ ಹೊರಗೆ ತನ್ನ ಚಪ್ಪಲಿ ಸಿಗದೆ, ಯಾರದೋ ಎರಡು ನಂಬರು ದೊಡ್ಡ ಚಪ್ಪಲಿ ಹಾಕಿಕೊಂಡು ಬಂದಿದ್ದ. ನಡೆದರೆ ಪಟಪಟ ಸದ್ದಾಗುತ್ತಿತ್ತು.

“ಕದ್ದೀಯಲ್ಲಲೇ,” ಎಂದಳು ತಮನ್ನಾ.

“ಕದ್ದಿಲ್ಲ, ಬದಲಾಗೈತಿ. ನಂದು ಯಾರೋ ಒಯ್ದ್ರು. ನಾನು ಇನ್ಯಾರದೋ ತಂದೆ. ಅವ ಮತ್ತೊಬ್ಬಂದು ಒಯ್ದಿರ್ತಾನ. ಒಟ್ಟು ಯಾರಿಗೂ ಲುಕ್ಸಾನಿಲ್ಲ.”

ಕೊಟ್ಟೂರಿನಲ್ಲಿರುವ ತನ್ನ ತಾಯಿ ಕೊಟ್ರಬಸಮ್ಮ ಸುಕನ್ಯಾಳಿಗೆ ನೆನಪಾದಳು. “ನಮ್ಮವ್ವ ಬಾಳ ಜಾಣಿ. ಮದುವಿ ಮುಂಜಿಗೆ ಹೋದ್ರ ಒಂದು ಚಪ್ಲಿ ಮುಂದಿನ ಬಾಗಿಲಿಗೆ ಬಿಡ್ತಾಳ, ಇನ್ನೊಂದು ಹಿತ್ಲಕಡಿ ಬಿಡ್ತಾಳ. ಜೋಡಿ ಇಲ್ಲದ ಚಪ್ಲಿ ಯಾರು ಒಯ್ತಾರ ಅಂತ. ಬರುವಾಗ ಇನ್ನೊಂದು ಎಲ್ಲಿ ಬಿಟ್ಟೆ ಅಂತ ತಾನೇ ಮರೀತಾಳ, ಆಮ್ಯಾಲೆ ಊಟ ಮಾಡೋರ ನಡುವ ಕುಂಟ್ಕೊಂತ ಹುಡುಕ್ತಾಳ.”

ಹುಡುಗರು ನಕ್ಕರು. ತಮನ್ನಾ ನಗಲಿಲ್ಲ. “ಹಂಗ ಒಂದೊಂದೇ ಬಿಟ್ರ ಲೆಕ್ಕ ಬ್ಯಾರೆ ಆಗತೈತ್ರಿ ಟೀಚರ್.”

“ಅದು ಆಮ್ಯಾಲೆ. ಮೊದಲು ಜೋಡಿ ನೋಡೂಣು. ಯಾರಿಗೂ ತಮ್ಮದು ತಮಗ ಸಿಗಬಾರದು. ಎಲ್ಲಾರೂ ಮಂದೀದು ಹಾಕ್ಕೊಂಡು ಹೋಗಬೇಕು. ಎಷ್ಟು ಥರ?”

ಅಂಗಳದಲ್ಲಿ ಚಪ್ಪಲಿ ಬಿಚ್ಚಿ ಹಾಕಿ ನೋಡಿಯೇ ನೋಡಿದರು. ಇಬ್ಬರಿದ್ದರೆ ಅದಲಿ ಬದಲಿ, ಒಂದೇ ಥರ. ಮೂವರಿದ್ದರೆ ಎರಡು. ನಾಲ್ವರಿಗೆ ಕಾಲು ಬದಲಿಸಿ ಬದಲಿಸಿ ಧೂಳೆಬ್ಬಿಸಿ ಒಂಬತ್ತು ಎಂದು ಹಿಡಿದರು. ಐವರ ಹೊತ್ತಿಗೆ ಯಾರು ಯಾರದು ಹಾಕಿಕೊಂಡರು ಎಂಬುದೇ ತಿಳಿಯದೆ ಕಿತ್ತಾಟ ಶುರುವಾಯಿತು. ತಮನ್ನಾ ಮಾತ್ರ ಬೇವಿನ ಗಿಡದ ಕೆಳಗೆ ಬರಿಗಾಲಲ್ಲಿ ಕುಳಿತು ಯೋಚಿಸುತ್ತಿದ್ದಳು.

“ಟೀಚರ್, ಹಾಕ್ಕೊಂಡು ನೋಡೋದು ಬ್ಯಾಡ್ರಿ. ನಾನು ಐದನೇದಾಕಿ ಅನ್ರಿ. ನಂದು ಬಿಟ್ಟು ನಾಲ್ಕು ಜೋಡಿ ಅದಾವು. ಅದರಾಗ ಹುಲುಗೇಶಂದು ಹಾಕ್ಕೊಂಡೆ. ಈಗ ಹುಲುಗೇಶ ನಂದು ಹಾಕ್ಕೊಂಡ್ರ ನಮ್ಮಿಬ್ರುದು ಮುಗೀತು. ಉಳಿದದ್ದು ಮೂರು ಮಂದಿ ಜಗಳ, ಎರಡು ಥರ. ಅವ ನಂದು ಒಲ್ಲೆ ಅಂದ್ರ ಅದು ನಾಲ್ಕು ಮಂದಿ ಜಗಳ ಇದ್ದಂಗ, ಒಂಬತ್ತು ಥರ. ಎರಡೂ ಒಂಬತ್ತೂ ಹನ್ನೊಂದು. ಹುಲುಗೇಶನ ಬದಲಿ ನಾಲ್ವರಾಗ ಯಾರದಾದ್ರೂ ಹಾಕ್ಕೊಬಹುದು. ಹನ್ನೊಂದು ನಾಲ್ಕಲೇ ನಲವತ್ನಾಲ್ಕು.”

“ನಾನ್ಯಾಕ ಒಲ್ಲೆ ಅಂತೀನಿ? ನಿನ್ನ ಚಪ್ಲಿ ಹೊಸಾವು ಅದಾವು,” ಎಂದ ಹುಲುಗೇಶ.

ಸುಕನ್ಯಾಳಿಗೆ ಆ ಹುಡುಗಿಯ ಹಣೆಗೆ ಮುತ್ತಿಡಬೇಕೆನ್ನಿಸಿತು. ಬಸ್ಸಿನ ಹೊತ್ತಾಗಿತ್ತು. ಚೀಲ ಹೆಗಲಿಗೇರಿಸುತ್ತ, “ಐದು ಮಂದಿ ಸಿಕ್ಕಾಗ ಮಾಡಿ ನೋಡ್ರಿ” ಎಂದಳು. ಎಲ್ಲ ಟೀಚರುಗಳೂ ಬಾಗಿಲು ದಾಟುವಾಗ ಹೇಳುವ ಮಾತು. ಹೇಳಿದವರು ಮರೆಯುತ್ತಾರೆ, ಕೇಳಿದವರು ಮರೆಯುವುದಿಲ್ಲ.

ಮುಂದಿನ ಶನಿವಾರ ಬೆಳಗಿನ ಪ್ರಾರ್ಥನೆ ನಡೆದಿರುವಾಗಲೇ ಸಾಹೇಬರ ಜೀಪು ಬಂತು. ತಾಲ್ಲೂಕಿನ ಶಿಕ್ಷಣಾಧಿಕಾರಿ ಪ್ರವೀಣಕುಮಾರ್ ಸಾಹೇಬರು ಹಡಗಲಿ ಕಡೆಯವರು. ಮಾತು ಕಡಿಮೆ, ಶಿಸ್ತು ಹೆಚ್ಚು ಎಂದು ಹೆಸರು. ಜತೆಗೆ ವಿಷಯ ಪರಿವೀಕ್ಷಕರು ಮತ್ತು ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿ. ಶಾಲೆಯ ಕಡೆಯಿಂದ ಗುರುಸಂಗಪ್ಪನವರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರು. ಒಟ್ಟು ಐದು ಮಂದಿ.

ಸಭೆ ಸ್ಮಾರ್ಟ್ ಕ್ಲಾಸ್ ರೂಮಿನಲ್ಲಿ. ದಾನಿಗಳು ಟೈಲ್ಸ್ ಹಾಕಿಸಿ ದೊಡ್ಡ ಟಿವಿ ಕೊಟ್ಟ ಮೇಲೆ ಆ ಕೋಣೆಗೆ ಹೆಡ್ ಮಾಸ್ತರು ದೇವರ ಮನೆಯ ಮಡಿ ತಂದಿದ್ದರು. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂದು ಬರೆಸಿದ್ದರು. ಹಾರ ತರಲು ಅವರು ಆಫೀಸಿಗೆ ಓಡಿದರು. ಉಳಿದವರು ತಮ್ಮ ಪಾಡಿಗೆ ಚಪ್ಪಲಿ ಬಿಟ್ಟು ಒಳಗೆ ಹೋದರು. ಸುಕನ್ಯಾಳ ಚಪ್ಪಲಿಯ ಪಟ್ಟಿ ಬೆಳಿಗ್ಗೆ ಬಸ್ಸಿನಲ್ಲೇ ಕಿತ್ತಿದ್ದರಿಂದ ಅದು ಸ್ಟಾಫ್ ರೂಮಿನಲ್ಲೇ ಇತ್ತು. ಅವಳು ಬರಿಗಾಲಲ್ಲಿ ಬಂದು ಕಿಟಕಿಯ ಪಕ್ಕ ಕುಳಿತಳು.

ಫಲಿತಾಂಶದ ಮಾತಾಯಿತು. ಪಾಸಿಂಗ್ ಪ್ಯಾಕೇಜ್ ಎಷ್ಟು ಮುಗಿಯಿತು, ಹಿಂದುಳಿದವರು ಎಷ್ಟು, ಅವರ ಮನೆಗೆ ಹೋಗಿದ್ದೀರಾ. ಸುಕನ್ಯಾ ಎಲ್ಲದಕ್ಕೂ ಉತ್ತರ ಕೊಟ್ಟಳು. ಕೊನೆಗೆ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ಶನಿವಾರ ನೀವು ಏನೋ ಆಟ ಆಡಿಸ್ತೀರಂತಲ್ಲ ಮೇಡಂ.”

ಗುರುಸಂಗಪ್ಪನವರು ಫ್ಯಾನು ಎಷ್ಟು ಸುತ್ತುತ್ತಿದೆ ಎಂದು ಮೇಲೆ ನೋಡತೊಡಗಿದರು.

“ಆಟ ಅಲ್ರಿ ಸರ್, ಎಣಿಕೆ. ಕ್ರಮಯೋಜನೆ, ವಿಕಲ್ಪ.”

“ಪರೀಕ್ಷೆಗೆ ಒಂದು ಮಾರ್ಕಿಗಾದ್ರೂ ಬರತೈತೇನು?”

“ಬರಂಗಿಲ್ರಿ.”

“ಹಂಗಾದ್ರೆ ಮುಂದಿನ ಶನಿವಾರದಿಂದ ಬೇಡ. ಆ ಟೈಮಿಗೆ ಹಿಂದುಳಿದವರನ್ನ ಕೂಡಿಸಿ ಮಗ್ಗಿ ಬರೆಸ್ರಿ.”

ಅಷ್ಟೇ. ಇಷ್ಟು ದಿನ ಕಟ್ಟಿದ್ದು ಒಂದು ಕನ್ನಡಕ ಒರೆಸುವ ಹೊತ್ತಿನಲ್ಲಿ ಮುಗಿಯಿತು. ಸುಕನ್ಯಾ ತಲೆಯಾಡಿಸಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಕಟ್ಟೆಯ ಮೇಲೆ ಹುಲುಗೇಶ ತುದಿಗಾಲಲ್ಲಿ ಕುಳಿತು ಸೀಮೆಸುಣ್ಣದಿಂದ ಚೌಕ ಎಳೆಯುತ್ತಿದ್ದ. ಅವನ ಹಿಂದೆ ತಮನ್ನಾ ಎರಡೂ ಕೈಯಲ್ಲಿ ಅಧ್ಯಕ್ಷರ ಚರ್ಮದ ಚಪ್ಪಲಿ ಹಿಡಿದು, ಎಲ್ಲಿಡಲಿ ಎಂದು ಎಣಿಸುತ್ತ ನಿಂತಿದ್ದಳು. ಐದು ಮಂದಿ ಸಿಕ್ಕಿದ್ದರು. ಮಾಡಿ ನೋಡುತ್ತಿದ್ದರು.

ಒಂದು ಸಲ ಕೆಮ್ಮಿದ್ದರೆ ಹುಡುಗರು ಎದ್ದು ಓಡುತ್ತಿದ್ದರು. ಸುಕನ್ಯಾಳ ಗಂಟಲಿನವರೆಗೂ ಕೆಮ್ಮು ಬಂತು. ಆಮೇಲೆ ಅವಳು ಸಾಹೇಬರ ಕಡೆ ತಿರುಗಿ, ಬಹಳ ವಿನಯದಿಂದ, “ಸರ್, ಹೋದ ವರ್ಷದ ಗ್ರಾಫ್ ಒಂದಿಷ್ಟು ತೋರಿಸ್ತೀನ್ರಿ, ನೋಡ್ಕೊಂಡೇ ಹೋಗ್ರಿ” ಎಂದಳು.

ಗ್ರಾಫ್ ನೋಡಿ ಐವರೂ ಹೊರಬಂದಾಗ ಕಟ್ಟೆಯ ಮೇಲೆ ಐದು ಚೌಕ, ಒಂದೊಂದರ ಮುಂದೆ ದುಂಡಗಿನ ಅಕ್ಷರದಲ್ಲಿ ಹೆಸರು: ಸಾಹೇಬ್ರು, ಪರಿವೀಕ್ಷಕರು, ಹೆಡ್ ಮಾಸ್ತರು, ಅಧ್ಯಕ್ಷರು, ಸಿಆರ್‌ಪಿ ಸರ್. ಚಪ್ಪಲಿಗಳೆಲ್ಲ ಹೊರಮುಖವಾಗಿ, ಕಾಲಿಡುವುದೊಂದೇ ಬಾಕಿ ಎಂಬಂತೆ ಜೋಡಿಸಿದ್ದವು. “ಎಷ್ಟು ಚಂದ ಮರ್ಯಾದಿ ಕಲಿಸೀರಿ,” ಎನ್ನುತ್ತ ಅಧ್ಯಕ್ಷರು ತಮ್ಮ ಚೌಕದಲ್ಲಿ ಕಾಲಿಟ್ಟರು. ಕಾಲು ಪರಿವೀಕ್ಷಕರ ಬೂಟಿನೊಳಗೆ ಅರ್ಧ ಹೋಗಿ ನಿಂತಿತು. ಸಾಹೇಬರ ಚೌಕದಲ್ಲಿ ಸಿಆರ್‌ಪಿಯವರ ನೀಲಿ ಹವಾಯಿ ಚಪ್ಪಲಿ. ಎಲ್ಲದರ ಕೆಳಗೆ ಒಂದು ಸಾಲು: ‘ನಲವತ್ನಾಲ್ಕರಲ್ಲಿ ಇದು ಒಂದು.’

ಸಾಹೇಬರ ಕಂದು ಬಣ್ಣದ ಚಪ್ಪಲಿ ಹೆಡ್ ಮಾಸ್ತರ ಚೌಕದಲ್ಲಿತ್ತು. ಎಡಗಾಲಿನದು ಮಾತ್ರ.

“ಇನ್ನೊಂದು ಎಲ್ಲಿ?” ಎಂದರು ಸಾಹೇಬರು.

ಗುರುಸಂಗಪ್ಪನವರು ಹುಡುಗರ ಕಡೆ ತಿರುಗಿದರು. “ಯಾವನಲೇ ಅವ, ಸಾಹೇಬ್ರ ಚಪ್ಲಿಗೆ ಕೈ ಹಾಕಿದವ?”

ತಮನ್ನಾ ಮುಂದೆ ಬಂದಳು. “ನಾವೇ ಇಟ್ಟಿದ್ದು ಸರ್. ಆದ್ರ ಒಟ್ಟು ಒಂಬತ್ತೇ ಇದ್ವು.”

“ಒಂಬತ್ತು? ಹಂಗಾದ್ರೆ ನಾನು ಒಂದೇ ಚಪ್ಪಲಿ ಹಾಕ್ಕೊಂಡು ಜೀಪ್ ಹತ್ತಿ ಬಂದೀನೇನು?”

“ಗೊತ್ತಿಲ್ರಿ ಸರ್,” ಎಂದ ಹುಲುಗೇಶ ಪ್ರಾಮಾಣಿಕವಾಗಿ. “ನೀವು ಬಂದಾಗ ನಾವು ಪ್ರಾರ್ಥನಿಯಾಗ ಕಣ್ಣು ಮುಚ್ಚಿದ್ವಿ.”

ಸಿಆರ್‌ಪಿಯವರು ನಗೆ ತಡೆಯಲು ಕರವಸ್ತ್ರ ಹುಡುಕಿದರು. ಸಾಹೇಬರ ಕಣ್ಣು ಕೆಂಪಗಾಯಿತು. “ಇದೇನು ಮೇಡಂ, ಶನಿವಾರ ಕಲಿಸೋದು? ಎಣಿಸೋದಾ, ಎತ್ತೋದಾ?”

“ಎಲ್ಲಾರ ಚೀಲ ತಗೀಸ್ರಿ,” ಎಂದರು ಹೆಡ್ ಮಾಸ್ತರು. “ಮೊದಲು ಈ ಹುಡುಗೀದು.”

ತಮನ್ನಾಳ ಗಲ್ಲ ಸಣ್ಣಗೆ ಅದುರಿದ್ದನ್ನು ಸುಕನ್ಯಾ ನೋಡಿದಳು. ಎಣಿಕೆ ಕ್ಲಾಸು ಆಗಲೇ ಹೋಗಿತ್ತು. ಈಗ ಹೋಗುತ್ತಿದ್ದದ್ದು ಅದಕ್ಕಿಂತ ದೊಡ್ಡದು. ‘ಶನಿವಾರ ತಡ ಆದ್ರೂ ಟೀಚರ್ ಹತ್ರ ಇರ್ತಾಳ’ ಎಂದು ನೆಮ್ಮದಿಯಿಂದ ಇರುವ ಫಿರೋಜನ ಕಿವಿಗೆ, ನಿನ್ನ ಮಗಳ ಚೀಲದಲ್ಲಿ ಸಾಹೇಬರ ಚಪ್ಪಲಿ ಹುಡುಕಿದರು ಎಂಬ ಮಾತು ಬಿದ್ದರೆ ಸಾಕು. ಸಿಕ್ಕಿತೋ ಇಲ್ಲವೋ ಎಂದು ಊರು ಕೇಳುವುದಿಲ್ಲ.

ಸಾಹೇಬರು ಇನ್ನೂ ಬಯ್ಯುತ್ತಿದ್ದರು. “ನಾನು ಸರ್ವಿಸ್ನಾಗ ಎಷ್ಟೋ ಶಾಲೆ ನೋಡೀನಿ, ಹರಪನಹಳ್ಳಿ ಮದುವಿಯಾಗ ಒಮ್ಮೆ ಜೋಡಿ ಹೋಗಿತ್ತು ಬಿಟ್ರೆ ನನ್ನ ಚಪ್ಪಲಿ ಎಲ್ಲೂ…” ಎಂದವರು ಅಲ್ಲಿಗೆ ನಿಂತರು. ಕಣ್ಣು ಕಟ್ಟೆಯ ತುದಿಗೆ, ಕ್ರೋಟನ್ ಗಿಡದ ದೊಡ್ಡ ಕುಂಡದ ಕಡೆಗೆ ಹೋಯಿತು. ತಟ್ಟನೆ ವಾಪಸು ಬಂತು. ಕಿವಿಯ ತುದಿ ಕೆಂಪಾಯಿತು.

ಆ ನೋಟ ಸುಕನ್ಯಾಳಿಗೆ ಗೊತ್ತಿತ್ತು. ಊಟದ ಸಾಲಿನ ನಡುವೆ, ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನಿಂತು, ಇನ್ನೊಂದನ್ನು ಎಲ್ಲಿ ಬಿಟ್ಟೆನೆಂದು ತಟ್ಟನೆ ನೆನಪಾದಾಗ ಅವಳ ಅವ್ವ ಹೀಗೇ ನೋಡುತ್ತಿದ್ದಳು.

ಈಗ ನಡೆದು ಹೋಗಿ ಕುಂಡದ ಹಿಂದಿನಿಂದ ಅದನ್ನು ಎತ್ತಿ ತರಬಹುದಿತ್ತು. ಊರೆಲ್ಲ ನಗುತ್ತಿತ್ತು. ಸಾಹೇಬರು ಮಾತ್ರ ನಿವೃತ್ತಿಯಾಗುವವರೆಗೂ ಅವಳನ್ನು ಮರೆಯುತ್ತಿರಲಿಲ್ಲ. ಸುಮ್ಮನಿದ್ದರೆ ಚೀಲ ಬಿಚ್ಚುತ್ತಾರೆ. ಸುಕನ್ಯಾ ಮೂರನೆಯದೊಂದು ಥರ ಎಣಿಸಿದಳು.

“ಸರ್, ಪರೀಕ್ಷೆ ಭಾರಿ ಚಲೋ ಇಟ್ರಿ.”

“ಯಾವ ಪರೀಕ್ಷೆ?”

“ನಮ್ಮ ಮಕ್ಕಳು ಜೋಡಿ ಲೆಕ್ಕನೇ ಕಲ್ತಾರೋ, ಒಂಟಿ ಲೆಕ್ಕನೂ ಬರತೈತೋ ನೋಡಾಕ ನೀವೇ ಒಂದು ಚಪ್ಲಿ ಬ್ಯಾರೆ ಕಡಿ ಇಟ್ಟು ಬಂದೀರಲ್ರಿ. ನಾನು ತಿಳ್ಕೊಂಡದ್ದು ಸರಿ ಐತಿಲ್ರಿ ಸರ್?”

ಸಾಹೇಬರು ಅವಳನ್ನೇ ನೋಡಿದರು. ಬಾವಿಗೆ ಬಿದ್ದವನು ಮೇಲಿನಿಂದ ಇಳಿದ ಹಗ್ಗವನ್ನು, ಬಿಟ್ಟವರು ಯಾರು, ಯಾಕೆ ಎಂದು ಯೋಚಿಸುತ್ತ ನೋಡುವಂತೆ.

“ಹೌದು,” ಎಂದರು ಕೊನೆಗೆ. “ಪರೀಕ್ಷೆ. ಎಷ್ಟೊತ್ತಿಗೆ ಹೇಳ್ತಾರೋ ನೋಡೋಣ ಅಂತ ಸುಮ್ಮನಿದ್ದೆ.”

“ಏನ್ ತಲಿರಿ ಸರ್ ನಿಮ್ದು,” ಎಂದರು ಗುರುಸಂಗಪ್ಪನವರು ಉಸಿರು ಬಿಟ್ಟು.

ಎಲ್ಲಕ್ಕೂ ಮೊದಲು ಚೇತರಿಸಿಕೊಂಡವಳು ತಮನ್ನಾ. “ಹಂಗಾದ್ರ ಪ್ರಶ್ನಿ ಏನ್ರಿ ಸರ್?”

ಸಾಹೇಬರು ಪ್ರಶ್ನೆಯನ್ನು ಯೋಚಿಸಿರಲಿಲ್ಲ. “ಅದೇ… ಐದೂ ಮಂದಿ ಒಂದು ಇಲ್ಲಿ, ಒಂದು ಅಲ್ಲಿ ಬಿಟ್ರೆ ಎಷ್ಟು ಥರ ತಪ್ಪಾಗತೈತಿ?”

“ಅದರಾಗ ಎರಡು ನಮೂನಿ ತಪ್ಪು ಐತ್ರಿ. ಎರಡೂ ಕಾಲಿಗೆ ಮಂದೀದು ಬರೋದು ಒಂದು. ಒಂದು ಕಾಲಿಗೆ ತಮ್ಮದು, ಒಂದಕ್ಕ ಮಂದೀದು ಬಂದ್ರೂ ಜೋಡಿ ತಪ್ಪಿದಂಗ ಅಲ್ರಿ? ಅದು ಇನ್ನೊಂದು. ನೀವು ಯಾವುದು ಕೇಳಿದ್ರಿ?”

ಪರಿವೀಕ್ಷಕರು ಆಸಕ್ತಿಯಿಂದ ಸಾಹೇಬರ ಮುಖ ನೋಡಿದರು.

“ಎರಡೂ,” ಎಂದರು ಸಾಹೇಬರು.

“ಮೊದಲನೇದು ಈಗ್ಲೇ ಹೇಳ್ತೀನ್ರಿ. ಎಡಗಾಲಿಗೆ ನಲವತ್ನಾಲ್ಕು, ಬಲಗಾಲಿಗೆ ನಲವತ್ನಾಲ್ಕು. ಗುಣಿಸಿದ್ರ ಸಾವಿರದ ಒಂಬೈನೂರ ಮೂವತ್ತಾರು. ಎರಡನೇದಕ್ಕ ಟೈಮ್ ಬೇಕ್ರಿ.”

“ಟೈಮ್ ಎಲ್ಲೈತವ್ವ,” ಎಂದಳು ಸುಕನ್ಯಾ, ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. “ಮುಂದಿನ ಶನಿವಾರದಿಂದ ಕ್ಲಾಸ್ ಇಲ್ಲಲ್ಲ.”

“ಯಾರು ಹೇಳಿದ್ರು?” ಎಂದರು ಸಾಹೇಬರು.

ಗುರುಸಂಗಪ್ಪನವರು ಈ ಸಲ ಫ್ಯಾನಿಲ್ಲದ ಸೂರನ್ನು ನೋಡತೊಡಗಿದರು.

“ಉತ್ತರ ಬರೋತನಕ ಕ್ಲಾಸ್ ನಡೀಲಿ. ಪ್ರಶ್ನೆ ನಂದು. ಉತ್ತರ ನನಗೆ ಬೇಕು.” ಆಮೇಲೆ, ಏನೋ ನೆನಪಾದವರಂತೆ ಕೈ ಬೀಸಿ, “ಹೂಂ, ಹುಡುಕ್ರಿ ಈಗ ಅದನ್ನ. ಇಲ್ಲೇ ಎಲ್ಲೋ ಇರಬೇಕು. ಗಿಡ ಗಂಟಿ ನೋಡ್ರಿ.”

ಹುಲುಗೇಶ ನೆಟ್ಟಗೆ ಕುಂಡದ ಹಿಂದೆ ಹೋಗಿ, ಬಲಗಾಲಿನ ಕಂದು ಚಪ್ಪಲಿಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ತಂದ. ಸಾಹೇಬರು ಅದನ್ನು ಹಾಕಿಕೊಂಡು, ಯಾರ ಮುಖವನ್ನೂ ನೋಡದೆ, ಜೀಪು ಹತ್ತಿದರು.

ಎರಡನೆಯ ಉತ್ತರ ಮುಂದಿನ ಶನಿವಾರವೇ ಬಂತು. ಹೇಗೆ ಬೇಕಾದರೂ ಹಾಕಿಕೊಳ್ಳುವ ಹದಿನಾಲ್ಕು ಸಾವಿರದ ನಾನೂರು ಥರದಲ್ಲಿ, ಒಬ್ಬರ ಜೋಡಿ ಸರಿಹೋದವನ್ನು ಕಳೆದು, ಇಬ್ಬರದು ಸರಿಹೋದದ್ದನ್ನು ಎರಡು ಸಲ ಕಳೆದೆವೆಂದು ಮತ್ತೆ ಕೂಡಿಸಿ, ಮೂವರದು ಹೆಚ್ಚಾಯಿತೆಂದು ಮತ್ತೆ ಕಳೆದು, ಹೀಗೆ ಕೊಟ್ಟು ಕಸಿದುಕೊಂಡು ಮಾಡಿದಾಗ ಬೋರ್ಡಿನ ಮೇಲೆ ಉಳಿದದ್ದು ಹನ್ನೊಂದು ಸಾವಿರದ ಎಂಟುನೂರ ನಲವತ್ನಾಲ್ಕು.

“ಎಲ್ಲಿ ಹೋದ್ರೂ ಬಾಲದಾಗ ಅದೇ ನಲವತ್ನಾಲ್ಕು ಬಂದು ಕುಂತೈತಿ ನೋಡ್ರಿ,” ಎಂದ ಹುಲುಗೇಶ. ತಮನ್ನಾ ಅದರ ಕೆಳಗೆ ಎರಡು ಗೆರೆ ಎಳೆದಳು.

ಅಷ್ಟರಲ್ಲಿ ಗುರುಸಂಗಪ್ಪನವರು ಮೊಬೈಲು ಮುಂದೆ ಹಿಡಿದುಕೊಂಡು ಬಂದು, ಹೊರಗೆ ಚಪ್ಪಲಿ ಬಿಟ್ಟು, ಸ್ಮಾರ್ಟ್ ಕ್ಲಾಸಿನೊಳಗೆ ಕಾಲಿಟ್ಟರು. “ಸಾಹೇಬ್ರು ಲೈನಿನಾಗ ಅದಾರ,” ಎಂದು ಪಿಸುಗುಟ್ಟಿ ಸ್ಪೀಕರ್ ಒತ್ತಿದರು.

“ಉತ್ತರ ಬಂತೇನು?” ಸಾಹೇಬರ ದನಿಯಲ್ಲಿ ನಿದ್ದೆಗೆಟ್ಟ ಗೊಗ್ಗರು ಇತ್ತು. “ನಾನೂ ಮಾಡಾಕತ್ತೀನಿ. ಒ‌ಮ್ಮೆ ಹನ್ನೆರಡು ಸಾವಿರದ ಮೇಲೆ ಬರತೈತಿ, ಒಮ್ಮೆ ಹನ್ನೊಂದರ ಕೆಳಗೆ ಹೋಗತೈತಿ.”

ತಮನ್ನಾ ಬೋರ್ಡು ನೋಡಿದಳು. ಆಮೇಲೆ ಸುಕನ್ಯಾಳನ್ನು ನೋಡಿದಳು. ಉತ್ತರ ಬರೋತನಕ, ಎಂದಿದ್ದರು ಸಾಹೇಬರು. ಸುಕನ್ಯಾ ಕಿಟಕಿಯ ಹೊರಗಿನ ಬೇವಿನ ಗಿಡವನ್ನು, ಇವತ್ತೇ ಮೊದಲು ಕಂಡವಳಂತೆ ನೋಡುತ್ತಿದ್ದಳು.

“ಇಲ್ರಿ ಸರ್,” ಎಂದಳು ತಮನ್ನಾ. “ಇನ್ನೂ ಬಾಳ ಶನಿವಾರ ಹಿಡಿತೈತ್ರಿ.”

ಗುರುಸಂಗಪ್ಪನವರು ಬೋರ್ಡಿನ ಕಡೆ ನೋಡಿದರು. ಎರಡು ಗೆರೆ ಎಳೆದ ಸಂಖ್ಯೆಯನ್ನು ತುಟಿ ಅಲ್ಲಾಡಿಸಿ ಓದಿದರು. ಅವರು ಫೋನನ್ನು ಬಾಯಿಯ ಹತ್ತಿರ ತಂದರು.

“ಹೌದ್ರಿ ಸರ್. ಭಾಳ ಗಟ್ಟಿ ಲೆಕ್ಕ ಐತ್ರಿ. ಬುಕ್ಕಿನಾಗ ಇಲ್ದಿದ್ದು ನೋಡ್ರಿ, ಅದಕ್ಕ.”

“ನನಗ ಹೇಳಬ್ಯಾಡ್ರಿ ಮತ್ತೆ,” ಎಂದರು ಸಾಹೇಬರು. “ಉತ್ತರ ನಾನೇ ತರ್ತೀನಿ.”

ಫೋನಿಟ್ಟ ಮೇಲೆ ಹೆಡ್ ಮಾಸ್ತರು ಏನೂ ಆಗಿಲ್ಲವೆಂಬಂತೆ ಹೊರಗೆ ನಡೆದರು. ಸುಕನ್ಯಾ ಡಸ್ಟರ್ ಎತ್ತಿಕೊಂಡು ಕಿಟಕಿಯಲ್ಲಿ ನೋಡಿದಳು. ಬಾಗಿಲ ಬಳಿ ಅವರದು ಒಂದೇ ಚಪ್ಪಲಿ ಇತ್ತು. ಅದಕ್ಕೆ ಕಾಲು ತೂರಿಸಿ, ಆಚೀಚೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು, ಗುರುಸಂಗಪ್ಪನವರು ಕುಂಟುತ್ತ ಕ್ರೋಟನ್ ಕುಂಡದ ಕಡೆಗೆ ಹೊರಟರು.